ಮಿಸಿಸಿಪ್ಪಿಯ ಕಪ್ಪೆಚಿಪ್ಪುಗಳು

ಪ್ರಶ್ನೆ: ಅಮೆರಿಕದ ಮಿಸಿಸಿಪ್ಪಿ ನದಿಯ ಕಪ್ಪೆಚಿಪ್ಪುಗಳಿಂದ ಹಿಂದೆ ಅಂಗಿಯ ಗುಂಡಿಗಳನ್ನು ತಯಾರಿಸುತ್ತಿದ್ದರೆಂದು ಓದಿದ್ದೇನೆ. ಒಂದೇ ನದಿಯಾದರೂ ಅಲ್ಲಲ್ಲಿ ಸಿಗುವ ಜಾತಿಗಳು ಬೇರೆಯಾಗುವುದೇಕೆ? ಅಣೆಕಟ್ಟಿನ ಮೇಲ್ಭಾಗದಲ್ಲಿ ಚಿಪ್ಪುಗಳು ಜೀವಂತ ಸಿಕ್ಕರೆ ಅವು ಕ್ಷೇಮವಾಗಿವೆ ಎನ್ನಬಹುದೇ?

ಉತ್ತರ: ಬೆಳೆದ ಕಪ್ಪೆಚಿಪ್ಪು ಹೆಚ್ಚು ದೂರ ಸರಿಯಲಾರದು; ತಳದಲ್ಲಿ ಅರ್ಧ ಹೂತುಕೊಂಡು, ಹರಿದುಬರುವ ನೀರನ್ನು ಸೋಸಿ ಆಹಾರ ಪಡೆಯುತ್ತದೆ. ಆದ್ದರಿಂದ ಮೊದಲು ನೋಡಬೇಕಾದದ್ದು ನದಿಯ ತಳವನ್ನು. ಮಿಸಿಸಿಪ್ಪಿಯ ಮೇಲ್ಭಾಗದಲ್ಲಿ ಜಲ್ಲಿಯೂ ಮರಳೂ ಬೆರೆತು, ನೆರೆ ಬಂದರೂ ಸುಲಭವಾಗಿ ಕದಲದ ಜಾಗಗಳಲ್ಲಿ ದಪ್ಪ ಚಿಪ್ಪಿನ ಹಲವು ಜಾತಿಗಳು ಒತ್ತೊತ್ತಾಗಿ ನೆಲೆಸುತ್ತವೆ. ನದಿ ಅಗಲವಾಗಿ ಹರಿವು ನಿಧಾನಿಸುವ ಪೆಪಿನ್ ಸರೋವರದಂಥ ಕಡೆ, ಮೆತ್ತನೆಯ ಕೆಸರಿನಲ್ಲಿ ಹುದುಗಿಹೋಗದ ತೆಳು ಚಿಪ್ಪಿನ ಜಾತಿಗಳಿಗೆ ಅನುಕೂಲ ಹೆಚ್ಚು. ಒಹಾಯೊ ನದಿ ಸೇರಿದ ಬಳಿಕ ಮುಖ್ಯ ಪಾತ್ರದ ಮರಳು ಸದಾ ಸರಿಯುತ್ತಿರುವುದರಿಂದ ಅಲ್ಲಿ ಚಿಪ್ಪುಗಳು ವಿರಳ. ಪಕ್ಕದ ಕವಲುಗಳಲ್ಲಿ, ಹಳೆಯ ತಿರುವುಗಳ ನಿಂತ ನೀರಿನಲ್ಲಿ ಅವನ್ನು ಹುಡುಕಬೇಕು.

ಇನ್ನೊಂದು ಕಾರಣ ಮೀನು. ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಗಮನಿಸಬೇಕಾದದ್ದು. ಸಾಮಾನ್ಯವಾಗಿ ಈ ಚಿಪ್ಪುಗಳ ಮರಿಹುಳು ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡು, ಕೆಲವು ವಾರ ಅಲ್ಲೇ ಬೆಳೆದು, ಬಳಿಕ ಉದುರಿ ತಳ ಸೇರುತ್ತದೆ. ಎಲ್ಲ ಮೀನೂ ಎಲ್ಲ ಜಾತಿಗೂ ಆಗಿಬರುವುದಿಲ್ಲ. ಮಿನಿಯಾಪೊಲಿಸ್‌ನ ಸೇಂಟ್ ಆಂಥೊನಿ ಜಲಪಾತವನ್ನು ಮೀನುಗಳು ಹತ್ತಲಾರದೆ ಹೋದದ್ದರಿಂದಲೇ ಅದರ ಮೇಲ್ಭಾಗದಲ್ಲಿ ಮೊದಲಿನಿಂದಲೂ ಚಿಪ್ಪಿನ ಜಾತಿಗಳು ಕಡಿಮೆ.

ಅಣೆಕಟ್ಟು ಮಾಡಿದ್ದೂ ಇದನ್ನೇ. 1891ರಲ್ಲಿ ಜಾನ್ ಬೆಪ್ಲ್ ಅಯೋವಾದ ಮಸ್ಕಟೀನ್‌ನಲ್ಲಿ ಆರಂಭಿಸಿದ ಗುಂಡಿ ಉದ್ಯಮಕ್ಕೆ ಅತ್ಯಂತ ಪ್ರಿಯವಾಗಿದ್ದದ್ದು ಎಬೊನಿಶೆಲ್ ಎಂಬ ಜಾತಿ. ಅದರ ಮರಿಹುಳುವನ್ನು ಹೊರುವ ಮೀನು ಸ್ಕಿಪ್‌ಜ್ಯಾಕ್ ಹೆರಿಂಗ್, ಉದ್ದಕ್ಕೂ ವಲಸೆ ಹೋಗುವಂಥದ್ದು. 1913ರಲ್ಲಿ ಕಿಯೋಕಕ್ ಅಣೆಕಟ್ಟು ಮುಗಿದಾಗ ಆ ದಾರಿ ಮುಚ್ಚಿತು. ಗುಂಡಿಗಾಗಿ ಮಿತಿಮೀರಿ ಬಾಚಿದ್ದೂ ಹಾನಿಯನ್ನೇ ಮಾಡಿತ್ತು, ಆದರೆ ಬಾಚುವುದು ನಿಂತ ಮೇಲೂ ಈ ಜಾತಿ ಅಣೆಕಟ್ಟಿನ ಮೇಲ್ಭಾಗದಲ್ಲಿ ಚೇತರಿಸಿಕೊಳ್ಳದಿರುವುದಕ್ಕೆ ಮೀನಿನ ಕೊರತೆಯೇ ಮುಖ್ಯ ಕಾರಣ.

ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ, ಹಾಗೆನ್ನಲು ಬಾರದು ಎಂಬುದು. ಎಬೊನಿಶೆಲ್‌ನಂಥವು ಹಲವಾರು ದಶಕ ಬದುಕುತ್ತವೆ. ಸಂತಾನ ನಿಂತು ಎಷ್ಟೋ ವರ್ಷಗಳಾದರೂ ಮುದಿ ಚಿಪ್ಪುಗಳು ಸಿಗುತ್ತಲೇ ಇರುತ್ತವೆ. ಎಷ್ಟಿವೆ ಎಂದು ಎಣಿಸುವುದರ ಜೊತೆಗೆ ಚಿಪ್ಪಿನ ಮೇಲಿನ ಬೆಳವಣಿಗೆಯ ಗೆರೆಗಳಿಂದ ಅವುಗಳ ವಯಸ್ಸನ್ನು ಅಂದಾಜಿಸಿ, ಎಳೆಯವು ಅವುಗಳಲ್ಲಿ ಇವೆಯೇ ಎಂದು ನೋಡಬೇಕು.