ಜಾಗ ಸಾಲದೆ ಮಗು ಸುಮ್ಮನಾಯಿತೇ?

ಪ್ರಶ್ನೆ: ಇದು ಚೊಚ್ಚಲ ಬಸಿರು, ಈಗ 35 ವಾರ. ಹೋದ ತಿಂಗಳು ಹೊಟ್ಟೆ ಎಗರುವಂತೆ ಒದೆಯುತ್ತಿದ್ದ ಮಗು ಈಗ ಬರೀ ಹೊರಳಿದಂತೆ, ಒತ್ತಿದಂತೆ ಅನಿಸುತ್ತದೆ. ‘ಒಳಗೆ ಜಾಗವಿಲ್ಲ, ಮಿಸುಕಾಟ ಕಡಿಮೆಯಾಗುವುದು ಸಹಜ’ ಎನ್ನುತ್ತಾರೆ. ನಿಜವೇ?

ಉತ್ತರ: ಅರ್ಧ ಮಾತ್ರ ನಿಜ. ಉಳಿದರ್ಧವನ್ನು ನಂಬಿ ಕೂರುವುದು ಅಪಾಯ. ಜಾಗ ಕಿರಿದಾದಾಗ ಮಿಸುಕಾಟದ ಬಗೆ ಬದಲಾಗುತ್ತದೆ, ಸಂಖ್ಯೆ ಇಳಿಯಬಾರದು.

20ನೇ ವಾರದಲ್ಲಿ ಮಗು ನೀರಿನಲ್ಲಿ ತೇಲುತ್ತಿರುತ್ತದೆ, ಕಾಲು ಚಾಚಲು ಎಡೆಯಿರುತ್ತದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಎಂಆರ್‌ಐ ಚಿತ್ರಗಳಿಂದ ಲೆಕ್ಕ ಹಾಕಿ 2018ರಲ್ಲಿ ಪ್ರಕಟಿಸಿದಂತೆ, ಒದೆತದ ಬಲ 20ನೇ ವಾರದಲ್ಲಿ 29 ನ್ಯೂಟನ್, 30ರಲ್ಲಿ 47. 35ರ ಹೊತ್ತಿಗೆ 17ಕ್ಕೆ ಇಳಿಯುತ್ತದೆ. ಆದರೂ ಮೂಳೆಗಳ ಮೇಲೆ ಬೀಳುವ ಒತ್ತಡ ಏರುತ್ತಲೇ ಇರುತ್ತದೆ. ಕೀಲು, ಮೂಳೆ ಸರಿಯಾಗಿ ರೂಪುಗೊಳ್ಳಲು ಆ ಒತ್ತಡ ಬೇಕೇ ಬೇಕು.

ಗರ್ಭದ ನೀರು 34ರಿಂದ 36ನೇ ವಾರದಲ್ಲಿ ಸುಮಾರು 800 ಮಿ.ಲೀ. ಮುಟ್ಟಿ, ಆಮೇಲೆ ತಗ್ಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಹೊಟ್ಟೆಯ ನಾಲ್ಕು ಭಾಗಗಳ ನೀರಿನ ಆಳ ಕೂಡಿದಾಗ 5 ಸೆಂ.ಮೀ.ಗಿಂತ ಕಡಿಮೆ ಬಂದರೆ ನೀರು ಕಡಿಮೆ ಎಂದರ್ಥ. ಬಸಿರಿನ ನಡುವಿನ ತಿಂಗಳುಗಳಿಂದಲೇ ನೀರು ತೀರಾ ಕಡಿಮೆಯಿದ್ದರೆ ಕೀಲುಗಳು ಬಿಗಿಯುತ್ತವೆ, ಶ್ವಾಸಕೋಶದ ಬೆಳವಣಿಗೆ ಕುಂಠಿತವಾಗುತ್ತದೆ. ಮಾಸು (ಮಗುವಿಗೆ ಆಮ್ಲಜನಕ, ಆಹಾರ ಒದಗಿಸುವ ಅಂಗ) ಗರ್ಭಕೋಶದ ಮುಂಭಾಗದ ಗೋಡೆಗೆ ಅಂಟಿದ್ದರೆ ಒದೆತ ಮೆತ್ತೆಯ ಆಚೆಯಿಂದ ತಟ್ಟಿದಂತೆ ಮಂದವಾಗಿ ತಿಳಿಯುತ್ತದೆ. ಇದರಿಂದ ಮಗುವಿಗೇನೂ ತೊಂದರೆಯಿಲ್ಲ. ಮಾಸೇ ಸರಿಯಾಗಿ ಕೆಲಸ ಮಾಡದಿದ್ದರೆ ಮಾತ್ರ ವಿಷಯ ಬೇರೆ. ಆಮ್ಲಜನಕ ಸಾಲದಾದಾಗ ಮಗು ಶಕ್ತಿ ಉಳಿಸಲು ಮಿಸುಕಾಟವನ್ನೇ ಕಡಿಮೆ ಮಾಡುತ್ತದೆ. ಎಷ್ಟೋ ಬಾರಿ ತಾಯಿಗೆ ಸಿಗುವ ಮೊದಲ ಸೂಚನೆ ಅದೊಂದೇ.

ಹಾಗಾಗಿ ಎಣಿಸಿ. ಮಗು ಸಾಮಾನ್ಯವಾಗಿ ಚುರುಕಾಗಿರುವ ಹೊತ್ತಿನಲ್ಲಿ, ಹೆಚ್ಚಿನವರಿಗೆ ಅದು ಸಂಜೆ, ಎಡಮಗ್ಗುಲಿಗೆ ಮಲಗಿ. ಒದೆತ, ಹೊರಳು, ಗುದ್ದು ಎಲ್ಲವೂ ಒಂದೊಂದು ಲೆಕ್ಕ. ಒಂದೇ ಲಯದಲ್ಲಿ ಬರುವ ಬಿಕ್ಕಳಿಕೆ ಬೇಡ. ಎರಡು ಗಂಟೆಯೊಳಗೆ 10 ಆಗಬೇಕು. ಮಗು ನಿದ್ರಿಸುವುದು ಒಮ್ಮೆಗೆ 20ರಿಂದ 40 ನಿಮಿಷ, 90 ನಿಮಿಷ ದಾಟುವುದು ಅಪರೂಪ. ಲೆಕ್ಕ ತುಂಬದಿದ್ದರೆ, ಇಲ್ಲವೇ 10 ಆಗಿಯೂ ‘ನನ್ನ ಮಗು ಎಂದಿನಂತಿಲ್ಲ’ ಅನಿಸಿದರೆ, ಬೆಳಗಾಗಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಡಾಪ್ಲರ್ ಯಂತ್ರ ಹಿಡಿದು ಮಗುವಿನ ಎದೆಬಡಿತ ಕೇಳಿ ಸಮಾಧಾನ ಪಡಬೇಡಿ: ಕೇಳಿದ್ದು ನಿಮ್ಮದೇ ನಾಡಿಯ ಸದ್ದಿರಬಹುದು, ಮಗುವಿನದೇ ಆಗಿದ್ದರೂ ಅದೊಂದರಿಂದ ಮಗು ಕ್ಷೇಮವೆಂದು ಹೇಳಲಾಗದು.

ಪ್ರಶ್ನೆ: ಅಂಗಾತ ಮಲಗಿದರೆ ಮಗು ಸುಮ್ಮನಾಗುತ್ತದೆ. ಏಕೆ?

ಉತ್ತರ: ತುಂಬಿದ ಗರ್ಭಕೋಶ ಬೆನ್ನೆಲುಬಿನ ಪಕ್ಕದ ದೊಡ್ಡ ರಕ್ತನಾಳವನ್ನು ಅದುಮುತ್ತದೆ, ಮಾಸಿಗೆ ಹರಿಯುವ ರಕ್ತ ತಗ್ಗುತ್ತದೆ. 28 ವಾರದ ನಂತರ ಹಗಲಾಗಲಿ ರಾತ್ರಿಯಾಗಲಿ ಮಗ್ಗುಲಾಗಿಯೇ ಮಲಗಿ. ಎಡವಾದರೂ ಸರಿ, ಬಲವಾದರೂ ಸರಿ. ನಡುರಾತ್ರಿ ಎಚ್ಚರವಾದಾಗ ಅಂಗಾತವಿದ್ದರೆ ಗಾಬರಿ ಬೇಡ, ಮಗ್ಗುಲು ಬದಲಿಸಿ ಮತ್ತೆ ನಿದ್ರೆ ಮಾಡಿ.