ಹದಿನಾರು ಎಣಿಕೆ, ಕಾಲು ನಿಮ್ಮದೇ

ಪ್ರಶ್ನೆ: ನನಗೆ 59. ಬ್ಯಾಂಕ್ ಕೆಲಸದಿಂದ ವಿಆರ್‌ಎಸ್ ತೆಗೆದುಕೊಂಡು ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಎಂಟು ತಿಂಗಳಿಂದ ಟ್ಯಾಪ್ ಡಾನ್ಸ್, ಅಂದರೆ ಬೂಟಿನಡಿಯ ಲೋಹದ ತಗಡಿನಿಂದ ನೆಲಕ್ಕೆ ತಾಳ ಬಡಿಯುವ ಕುಣಿತ, ಕಲಿಯುತ್ತಿದ್ದೇನೆ. ಟೀಚರ್ ತೋರಿಸಿದ್ದನ್ನು ಮಾಡಬಲ್ಲೆ. ಆದರೆ ಕ್ಲಾಸಿನ ಕೊನೆಗೆ ಎಲ್ಲರೂ ಸುತ್ತ ನಿಂತು, ಒಬ್ಬೊಬ್ಬರೂ ನಾಲ್ಕು ಬಾರ್ (ಒಂದು ಬಾರ್ ಅಂದರೆ ನಾಲ್ಕು ಎಣಿಕೆ) ತಮಗೆ ತೋಚಿದ್ದನ್ನು ಕುಣಿಯಬೇಕು. ನನ್ನ ಸರದಿ ಬಂತು ಅಂದರೆ ಕಾಲು ಕಲ್ಲಾಗುತ್ತದೆ. ನನ್ನದು ಅಂತ ಏನೂ ಇಲ್ವಲ್ಲ ಅನಿಸುತ್ತದೆ. ಬಿಟ್ಟುಬಿಡಲೇ?
— ಹೆಸರು ಬೇಡ, ಊರು ಮೈಸೂರು

ಉತ್ತರ: ಬಿಡಬೇಡಿ. ನಾನು ಷಿಕಾಗೊದಲ್ಲಿ 47ನೇ ವಯಸ್ಸಿಗೆ ಈ ಬೂಟು ಹಾಕಿದವಳು. ಈಗ 64. ನಿಮ್ಮ ಹಾಗೇ ನಾನೂ ಮೊದಲ ವರ್ಷ ಸರದಿ ಬರುವ ಹೊತ್ತಿಗೆ ಸರಿಯಾಗಿ ನೀರು ಕುಡಿಯಲು ಹೋಗುತ್ತಿದ್ದೆ.

ನಮ್ಮ ತೊಂದರೆ ಕಾಲಿನದಲ್ಲ, ಕಲಿತ ರೀತಿಯದು. ಚಿಕ್ಕಂದಿನಲ್ಲಿ ಭರತನಾಟ್ಯ ಕಲಿಯುವಾಗ ತಟ್ಟಡವು ಎಂಬ ಮೊದಲ ಪಾಠದ ಹೆಜ್ಜೆ ಗುರುಗಳು ಹಾಕಿದ ಹಾಗೇ ಬರಬೇಕಿತ್ತು. ಬಂದರೆ ಶಹಭಾಸ್. ಟ್ಯಾಪ್‌ನಲ್ಲಿ ಇದು ತಿರುಗುಮುರುಗು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹೂಫರ್ಸ್ ಕ್ಲಬ್ ಅಂತ ಒಂದು ಚಿಕ್ಕ ಕೋಣೆ ಇತ್ತು. ಕಪ್ಪು ಜನಾಂಗದ ದೊಡ್ಡ ದೊಡ್ಡ ಟ್ಯಾಪ್ ಕಲಾವಿದರು ಅಲ್ಲಿ ಸೇರಿ ಒಬ್ಬರ ಹೆಜ್ಜೆ ಒಬ್ಬರು ನೋಡಿ ಕದಿಯುತ್ತಿದ್ದರು. ಕದಿಯಬಹುದು, ಆದರೆ ಇದ್ದ ಹಾಗೇ ಹಾಕಬಾರದು. ಅದು ಅಲ್ಲಿನ ಅಲಿಖಿತ ನಿಯಮ. ಅಂದರೆ ನೀವು ಶೂನ್ಯದಿಂದ ಏನೂ ಹುಟ್ಟಿಸಬೇಕಿಲ್ಲ. ಟೀಚರ್ ಕೊಟ್ಟ ಶಫಲ್, ಫ್ಲ್ಯಾಪ್‌ನಂಥ ಹೆಜ್ಜೆಗಳನ್ನು ಕದ್ದು, ಸ್ವಲ್ಪ ಕೆಡಿಸಿ.

ಹೇಗೆ ಕೆಡಿಸುವುದು? ನನಗೆ ದಾರಿ ಸಿಕ್ಕಿದ್ದು ಬಾಯಿಂದ. ನಾಲ್ಕು ಬಾರ್ ಅಂದರೆ ಹದಿನಾರು ಎಣಿಕೆ, ಅಲ್ವಾ? ಆದಿತಾಳದ ಎರಡು ಆವರ್ತ. ಅಷ್ಟೇ! ಇದು ಹೊಳೆದ ದಿನ ನನಗೆ ಅರ್ಧ ಭಯ ಹೋಯಿತು. ಮೊದಲ ಎಂಟು ಎಣಿಕೆಗೆ ಟೀಚರ್ ಕೊಟ್ಟದ್ದನ್ನೇ ಹಾಕಿ. ಮುಂದಿನ ಎಂಟಕ್ಕೆ ಬಾಯಲ್ಲಿ ‘ತಕಿಟ ತಕಿಟ ತಕ’ ಹೇಳಿ, ಅದನ್ನೇ ಕಾಲಲ್ಲಿ ಬಾರಿಸಿ. ಮೂರು, ಮೂರು, ಎರಡು. ಒಂದು ವಾರ ಬಿಟ್ಟು ‘ತಕ’ವನ್ನು ಮುಂದಕ್ಕೆ ತನ್ನಿ. ಆಮೇಲೆ ಒಂದು ‘ತಕಿಟ’ ಪೂರ್ತಿ ನುಂಗಿ ಸುಮ್ನೆ ನಿಲ್ಲಿ. ನಿಂತದ್ದೂ ಲೆಕ್ಕಕ್ಕೆ ಸೇರುತ್ತದೆ.

ಒಂದು ಎಚ್ಚರಿಕೆ. ನಮ್ಮವರ ಕಾಲು ತೀರಾ ನೇರ ಬೀಳುತ್ತದೆ. ಜಾಜ್ ಸಂಗೀತದ ಸ್ವಿಂಗ್‌ನಲ್ಲಿ ಎರಡು ಪೆಟ್ಟಲ್ಲಿ ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ‘ತಕ ತಕ’ ಅಲ್ಲ, ‘ತಾಽಕ ತಾಽಕ’. ನನಗೆ ಇದು ಬರಲು ಎರಡು ವರ್ಷ ಹಿಡಿಯಿತು. ಈಗಲೂ ಸುಸ್ತಾದಾಗ ನೇರವಾಗಿಬಿಡುತ್ತದೆ.

ಸ್ವಂತದ್ದು ಏನೂ ಇಲ್ಲ ಅಂದಿರಿ. ಕ್ಲೇಟನ್ ಬೇಟ್ಸ್ ಅವರ ಹಳೆಯ ವಿಡಿಯೋ ನೋಡಿ. ದಕ್ಷಿಣ ಕೆರೊಲಿನಾದ ಬಡ ಹುಡುಗ. 12ನೇ ವಯಸ್ಸಿನಲ್ಲಿ ಹತ್ತಿಯ ಗಿರಣಿಯಲ್ಲಿ ಎಡಗಾಲು ಹೋಯಿತು. ಮರದ ಕಾಲು ಕಟ್ಟಿಕೊಂಡೇ ಟ್ಯಾಪ್ ಕುಣಿದು ಜಗತ್ತಿಗೆಲ್ಲ ‘ಪೆಗ್ ಲೆಗ್’ ಬೇಟ್ಸ್ ಆದರು. ಒಂದು ಕಡೆ ಬೂಟಿನ ಟಣಟಣ, ಇನ್ನೊಂದು ಕಡೆ ಗೂಟದ ಧಂ. ಎರಡು ಕಾಲಿದ್ದ ಯಾರಿಗೂ ಆ ಸದ್ದು ಸಿಗುತ್ತಿರಲಿಲ್ಲ. ನಿಮ್ಮ ತೂಕ, ನಿಮ್ಮ ಹಿಮ್ಮಡಿ, ನಿಮ್ಮ ತಡವರಿಕೆ ಕೂಡ ಹಾಗೇ ಒಂದು ಸದ್ದು ಮಾಡುತ್ತವೆ. ಫೋನಿನಲ್ಲಿ ಬರೀ ಧ್ವನಿ ರೆಕಾರ್ಡ್ ಮಾಡಿ ಕೇಳಿ. ವಿಡಿಯೋ ಬೇಡ. ವಿಡಿಯೋದಲ್ಲಿ ನಾವು ಹೊಟ್ಟೆ ಮಾತ್ರ ನೋಡಿಕೊಳ್ಳುತ್ತೇವೆ.

ಪ್ರಶ್ನೆ: ಕಥಕ್ ಕಲಿತವರಿಗೆ ಟ್ಯಾಪ್ ಸುಲಭವೇ?
— ಧಾರವಾಡದ ಓದುಗರು

ಉತ್ತರ: ಕಿವಿಗೆ ಸುಲಭ, ಪಾದಕ್ಕೆ ಕಷ್ಟ. ಕಥಕ್‌ನಲ್ಲಿ ಬರಿಗಾಲಿನ ಅಂಗಾಲು ಪೂರ್ತಿ ನೆಲಕ್ಕೆ ಬಡಿಯುವುದೇ ಜಾಸ್ತಿ. ಟ್ಯಾಪ್ ಬೂಟಿನ ಅಡಿ ಮುಂದೊಂದು, ಹಿಂದೊಂದು ಲೋಹದ ತಗಡು. ಎರಡನ್ನೂ ಬೇರೆ ಬೇರೆ ನುಡಿಸಬೇಕು, ಕಣಕಾಲು ಸಡಿಲ ಇರಬೇಕು. ಕಥಕ್ ಕಲಾವಿದ ಪಂಡಿತ್ ಚಿತ್ರೇಶ್ ದಾಸ್ ಮತ್ತು ಟ್ಯಾಪ್ ಕಲಾವಿದ ಜೇಸನ್ ಸ್ಯಾಮ್ಯುಯೆಲ್ಸ್ ಸ್ಮಿತ್ 2004ರಲ್ಲಿ ಭೇಟಿಯಾಗಿ, ಮುಂದೆ ಜೊತೆಯಾಗಿ ಊರೂರು ಸುತ್ತಿ ಕುಣಿದರು. ದಾಸ್ ಅವರಿಗೆ ಆಗ 60ರ ಹತ್ತಿರ, ಸ್ಮಿತ್‌ಗೆ 24ರ ಆಸುಪಾಸು. ಅವರ ಸವಾಲ್ ಜವಾಬ್ ಒಮ್ಮೆ ಕೇಳಿ. ಗೆಜ್ಜೆ ಕೇಳಿದ್ದಕ್ಕೆ ಬೂಟು ಉತ್ತರ ಕೊಡುತ್ತದೆ.

ಪ್ರಶ್ನೆ: ಮನೆಯಲ್ಲಿ ಟೈಲ್ಸ್ ಮೇಲೆ ಅಭ್ಯಾಸ ಮಾಡಬಹುದೇ? ಮಂಡಿ ನೋವಿದೆ.
— ಬೆಂಗಳೂರಿನ ಓದುಗರು

ಉತ್ತರ: ಟೈಲ್ಸ್ ಬೇಡವೇ ಬೇಡ. ಜಾರುತ್ತದೆ, ಒಡೆಯುತ್ತದೆ, ಮಂಡಿಗೂ ಪೆಟ್ಟು. ಮೊದಲು ಡಾಕ್ಟರಿಗೆ ತೋರಿಸಿ. ಅವರು ಸೈ ಅಂದರೆ ದಪ್ಪ ಪ್ಲೈವುಡ್ ಹಲಗೆ ತಂದು, ಅಡಿಗೆ ಹಳೇ ಮ್ಯಾಟ್ ಹಾಸಿ. ಕೆಳಗಿನ ಮನೆಯವರಿಗೆ ಹೊತ್ತು ಹೇಳಿಡಿ. ಬ್ಯಾಗಿನಲ್ಲಿ ಒಂದು ಸ್ಕ್ರೂಡ್ರೈವರ್ ಇರಲಿ, ತಗಡಿನ ತಿರುಪು ಸಡಿಲವಾಗುತ್ತಲೇ ಇರುತ್ತದೆ. ನನ್ನ ಬಲಗಾಲಿನ ಹಿಮ್ಮಡಿಯದನ್ನು ಮಾತ್ರ ನಾನು ಪೂರ್ತಿ ಬಿಗಿ ಮಾಡುವುದಿಲ್ಲ. ಅರ್ಧ ಸುತ್ತು ಬಿಟ್ಟಿದ್ದೇನೆ. ಆ ಗಲಗಲ ನನಗೆ ಇಷ್ಟ.