ಮರೆವು ಅಂತ ಹಾಲಿನ ಲೆಕ್ಕವನ್ನೂ ಕಿತ್ಕೊಂಡರೆ

ಇದು ಸಲಹೆ ಕೇಳಿ ನನ್ನ ಹತ್ತಿರ ಬಂದ ರಾಯಚೂರಿನ ಒಂದು ಕುಟುಂಬದ ಪ್ರಕರಣ. ಗುರುತು ಸಿಗದಿರಲಿ ಅಂತ ಕೆಲವು ವಿವರ ಬದಲಿಸಿದ್ದೇನೆ. ಹಿರಿಯರಿಗೆ 67 ವರ್ಷ. ಹತ್ತಿ ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿ ಲೆಕ್ಕ ಬರೆದೇ ಜೀವನ ಮಾಡಿದವರು. ಹೆಂಡತಿ ತೀರಿಕೊಂಡ ಮೇಲೆ ಮಗ-ಸೊಸೆ ಜೊತೆ ಇದ್ದಾರೆ. ಶುಗರ್ ಹಳೇದು, ಬಿಪಿನೂ ಇದೆ.

ಮಗನಿಗೆ ಗಾಬರಿ ಶುರುವಾಗಿದ್ದು ಹಾಲಿನವನಿಂದ. ಅಪ್ಪ ಅವನಿಗೆ ಒಂದೇ ತಿಂಗಳ ದುಡ್ಡನ್ನು ಎರಡು ಸಲ ಕೊಟ್ಟಿದ್ದರು. ಬೆಳಿಗ್ಗೆ ಹೇಳಿದ ಮಾತು ಸಂಜೆಗೆ ನೆನಪಿರುತ್ತಿರಲಿಲ್ಲ. ಅಲ್ಲಿಂದ ಮಗ ದುಡ್ಡು, ಪಾಸ್‌ಬುಕ್, ಮೊಪೆಡ್ ಕೀಲಿ ಎಲ್ಲವನ್ನೂ ತನ್ನ ಹತ್ತಿರ ಇಟ್ಟುಕೊಂಡ. ಅಂಗಡಿ ಕಡೆ ಹೋಗೋದು ಬೇಡ ಅಂದ. "ಆರಾಮ ಕುಂದ್ರಪಾ ಅಂದೀವ್ರಿ, ಎಲ್ಲಾ ನಾವೇ ನೋಡ್ಕೋತೀವಿ." ಆರಾಮ ಅಂದ್ರೆ ಏನು? ಹಗಲಿಡೀ ಟಿವಿ, ಮೂರ್ನಾಲ್ಕು ಸಲ ಸಕ್ಕರೆ ಚಹಾ, ಸಂಜೆ ಮಿರ್ಚಿ-ಮಂಡಕ್ಕಿ, ಮಾತಾಡೋಕೆ ಯಾರೂ ಇಲ್ಲ, ನಿದ್ದೆ ಬರೋದಿಲ್ಲ ಅಂತ ಚೀಟಿ ಇಲ್ಲದೇ ಮೆಡಿಕಲ್ ಶಾಪಿನಿಂದ ತಂದ ಅಲ್ಪ್ರಜೋಲಾಮ್ ಗುಳಿಗೆ.

ಅವರೊಬ್ಬರನ್ನೇ ಕೂರಿಸಿ ಕೇಳಿದೆ. ಮೊದಲು ಸುಮ್ನೆ ಇದ್ದರು. ಆಮೇಲೆ, "ಎಂಟಾಣೆ ತಪ್ಪದಂಗ ಲೆಕ್ಕ ಬರದಾಂವ ನಾ. ಈಗ ಹಾಲಿಂದ ಸೈತ ನನ್ನ ಕೈಯಾಗ ಕೊಡಂಗಿಲ್ಲ ನೋಡ್ರಿ" ಅಂದರು. ನಾನು ಒಂದೊಂದು ಪ್ರಶ್ನೆ ಕೇಳುವಾಗಲೂ ಬಲಗಿವಿ ಮುಂದೆ ತರುತ್ತಿದ್ದರು. ಮನೆಯವರು ಇದನ್ನು ಗಮನಿಸಿರಲೇ ಇಲ್ಲ. ಕೇಳಿಸದೇ ಹೋದ ಮಾತು ನೆನಪಲ್ಲಿ ಹೇಗೆ ಉಳಿಯುತ್ತೆ?

ಡಾಕ್ಟರ್ ಹತ್ತಿರ ಕಳಿಸಿದೆ. ಕನ್ನಡದಲ್ಲೇ ನೆನಪಿನ ಪರೀಕ್ಷೆ ಮಾಡಿದರು. ಹೇಳಿದ ಪದಗಳನ್ನು ಸ್ವಲ್ಪ ಹೊತ್ತು ಬಿಟ್ಟು ಕೇಳಿದಾಗ ಅರ್ಧಕ್ಕರ್ಧ ಹೋಗಿದ್ದವು, ಕಳೆಯುವ ಲೆಕ್ಕ ಮಾತ್ರ ಪಟಪಟ ಅಂತ ಬಂತು. ಡಾಕ್ಟರ್ ಹೇಳಿದ್ದು ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್, ಚಿಕ್ಕದಾಗಿ ಎಂಸಿಐ. ವಯಸ್ಸಿಗೆ ಮೀರಿದ ಮರೆವು ಇದೆ, ಆದರೆ ದಿನದ ಕೆಲಸ ತಾವೇ ಮಾಡಿಕೊಳ್ಳುತ್ತಾರೆ. ಇದು ಡಿಮೆನ್ಷಿಯಾ, ಅಂದ್ರೆ ದಿನದ ಕೆಲಸಕ್ಕೂ ಅಡ್ಡಿಯಾಗುವ ಮರೆವಿನ ಕಾಯಿಲೆ, ಅಲ್ಲ. ಕೆಲವರಿಗೆ ಮುಂದೆ ಅದಾಗುತ್ತೆ, ಕೆಲವರು ಇದ್ದ ಹಾಗೇ ಇರುತ್ತಾರೆ, ಇನ್ನು ಕೆಲವರು ಸುಧಾರಿಸುತ್ತಾರೆ. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ12 ಕಡಿಮೆ ಬಂತು. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಹೀಗಾಗಬಹುದು.

ಮಗನಿಗೆ ನಾನು ಹೇಳಿದ್ದು ಖಡಕ್ಕಾಗಿಯೇ. ಅಪ್ಪನ ಕೈಯಿಂದ ಕೆಲಸ ಕಿತ್ಕೋಬೇಡಿ, ಕೆಲಸಕ್ಕೆ ಊರುಗೋಲು ಕೊಡಿ. ಹಾಲಿನ ಲೆಕ್ಕ ಅವರದೇ ಇರಲಿ. ಗೋಡೆಯ ಕ್ಯಾಲೆಂಡರ್‌ನಲ್ಲಿ ದಿನಾ ಎಷ್ಟು ಲೀಟರ್ ಅಂತ ಬರೀಲಿ, ದುಡ್ಡು ಕೊಟ್ಟ ದಿನ ಹಾಲಿನವನ ಎದುರಿಗೇ ಕೆಂಪು ಪೆನ್ನಲ್ಲಿ ಗೀಟು ಎಳೀಲಿ. ದೊಡ್ಡ ಮೊತ್ತದ ವ್ಯವಹಾರ ಇಬ್ಬರೂ ಸೇರಿ ಮಾಡಿ. ಫೋನಲ್ಲಿ ಓಟಿಪಿ ಕೇಳುವವರ ಕಾಟ ಇದೆ ಅಲ್ವಾ, ಅಲ್ಲಿ ನಿಮ್ಮ ಕಣ್ಣಿರಲಿ. ಮೊಪೆಡ್ ವಿಷಯ ಡಾಕ್ಟರ್ ಹೇಳಿದಂತೆ. ಅಂಗಡಿ ಕಟ್ಟೆಗೆ ಹೋಗೋದನ್ನು ಮಾತ್ರ ತಡೀಬೇಡಿ. ಹಳೇ ಜೊತೆಗಾರರ ಹರಟೆ ಯಾವ ನೆನಪಿನ ಟಾನಿಕ್‌ಗಿಂತಲೂ ಮೇಲು. ಆ ಟಾನಿಕ್‌ಗಳಿಗೆ ದುಡ್ಡು ಹಾಕೋದನ್ನು ಮೊದಲು ನಿಲ್ಲಿಸಿ.

ಅಪ್ಪನಿಗೆ ಹೇಳಿದ್ದು ಬೇರೆ. ನಡಿಗೆ ಬೆಳಿಗ್ಗೆ ಆರರೊಳಗೆ, ಏಪ್ರಿಲ್-ಮೇ ಬಿಸಿಲಲ್ಲಿ ಹೊತ್ತೇರಿದ ಮೇಲೆ ಬೇಡವೇ ಬೇಡ. ಶುಗರ್ ಗುಳಿಗೆ ತಗೊಂಡು ಖಾಲಿ ಹೊಟ್ಟೆಯಲ್ಲಿ ಹೊರಡಬಾರದು. ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ, ಸ್ವಲ್ಪ ಶೇಂಗಾ ಚಟ್ನಿ, ನಮ್ಮ ಊಟದಲ್ಲೇ ಬೇಕಾದ್ದು ಬಹಳಷ್ಟಿದೆ. ಉಪ್ಪಿನಕಾಯಿ ಮತ್ತು ಮಿರ್ಚಿ ಕಡಿಮೆ ಮಾಡಬೇಕು. ತಂಬಾಕು ಬಿಡಬೇಕು. ನಿದ್ದೆ ಗುಳಿಗೆಯೇ ನೆನಪನ್ನು ಮಂಕು ಮಾಡುತ್ತೆ, ಆದರೆ ಒಮ್ಮೆಲೇ ನಿಲ್ಲಿಸೋದು ಅಪಾಯ, ಡಾಕ್ಟರ್ ಹೇಳಿದ ಹಾಗೆ ಸ್ವಲ್ಪಸ್ವಲ್ಪವೇ ಇಳಿಸಬೇಕು.

"ಇದರಿಂದ ವಾಸಿ ಆಗ್ತದೇನ್ರಿ?" ಅಂತ ಸೊಸೆ ಕೇಳಿದರು. ಖಾತ್ರಿ ಕೊಡಲಿಲ್ಲ. ಫಿನ್‌ಲ್ಯಾಂಡ್‌ನಲ್ಲಿ 60ರಿಂದ 77 ವರ್ಷದ 1260 ಜನರ ಮೇಲೆ ಒಂದು ಅಧ್ಯಯನ ಆಗಿತ್ತು, 2015ರಲ್ಲಿ ಪ್ರಕಟವಾಯಿತು. ಊಟ, ವ್ಯಾಯಾಮ, ಮೆದುಳಿಗೆ ಕೆಲಸ, ಬಿಪಿ-ಶುಗರ್ ನಿಗಾ ನಾಲ್ಕನ್ನೂ ಎರಡು ವರ್ಷ ಒಟ್ಟಿಗೆ ಮಾಡಿದವರು, ಬರೀ ಸಾಮಾನ್ಯ ಸಲಹೆ ಕೇಳಿ ಹೋದವರಿಗಿಂತ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದರು. ಆ ಅಧ್ಯಯನದಲ್ಲಿದ್ದವರು ಡಿಮೆನ್ಷಿಯಾ ಅಪಾಯದ ಅಂಚಲ್ಲಿದ್ದವರು, ಎಲ್ಲರೂ ಇವರ ಹಾಗೆ ಎಂಸಿಐ ಇದ್ದವರಲ್ಲ. ಅದನ್ನೂ ಹೇಳಿದೆ.

ಈಗ ಬಿ12 ಇಂಜೆಕ್ಷನ್ ಆಗಿದೆ. ಆಮೇಲೆ ತಂದ ಕಿವಿ ಮಿಷನ್ ಮೊದಮೊದಲು ಕಪಾಟಿನಲ್ಲೇ ಇತ್ತು, ಮೊಮ್ಮಗಳು ಬೈದ ಮೇಲೆ ಹಾಕಿಕೊಳ್ಳುತ್ತಿದ್ದಾರೆ. ಮಾತು ಮರೆಯೋದು ಇನ್ನೂ ಇದೆ, ಸಿಡುಕು ಕಡಿಮೆಯಾಗಿದೆ. ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಲು ಹೇಳಿದ್ದೇನೆ. ನಡುವೆ ಗೊತ್ತಿರುವ ದಾರಿಯೇ ತಪ್ಪಿದರೆ, ಸ್ನಾನ-ಬಟ್ಟೆಗೂ ಇನ್ನೊಬ್ಬರು ಬೇಕಾದರೆ ಆರು ತಿಂಗಳು ಕಾಯಬೇಡಿ. ಒಂದೆರಡು ದಿನದಲ್ಲೇ ದಿಢೀರ್ ಅಂತ ಗೊಂದಲ ಶುರುವಾದರೆ ಅದು ಮರೆವಲ್ಲ. ಸೋಂಕು, ಶುಗರ್ ಏರುಪೇರು ಅಥವಾ ಪಾರ್ಶ್ವವಾಯು ಇರಬಹುದು, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಮನೆಯವರಿಗೇ ಸಾಕಾಗಿ ಹೋದಾಗ 14416ಕ್ಕೆ ಫೋನ್ ಮಾಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.